ನಿಮಗಿದು ಗೊತ್ತೇ? ಬಿಳಿಗಾರ ಬೇಡದ ಬೆಸುಗೆ

ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ನೀರಾಗುತ್ತದೆ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಅಕ್ಕಸಾಲಿಗರ ಊದುಗೊಳವೆಯ ಬೆಂಕಿ ಅದಕ್ಕೆ ಏನೇನೂ ಸಾಲದು. ಆಮ್ಲಜನಕ ಬೆರೆತ ಜ್ವಾಲೆಯೇ ಆಗಬೇಕು.

ಚಿನ್ನ ಬೆಸೆಯುವಾಗ ಬಿಳಿಗಾರ ಹಚ್ಚದಿದ್ದರೆ ಬೆಸುಗೆ ಕೂರುವುದಿಲ್ಲ. ಪ್ಲಾಟಿನಂಗೆ ಸಾಮಾನ್ಯವಾಗಿ ಬಿಳಿಗಾರವೇ ಬೇಡ! ಕಾಯಿಸಿದರೂ ಅದರ ಮೈ ಕಪ್ಪಾಗದು.

ಆದರೆ ಇದ್ದಿಲಿನ ಮೇಲಿಟ್ಟು ಬೆಸೆಯುವ ಹಳೇ ರೂಢಿಯನ್ನು ಇಲ್ಲಿ ಬಿಡಲೇಬೇಕು. ಅಷ್ಟು ಬಿಸಿಯಲ್ಲಿ ಇಂಗಾಲ ಲೋಹದೊಳಕ್ಕೆ ಸೇರಿದರೆ ಪ್ಲಾಟಿನಂ ಪೆಡಸಾಗಿ ಬಿರುಕು ಬಿಡುತ್ತದೆ. ಅರದ ಹಲ್ಲಿನಲ್ಲಿ ಸಿಕ್ಕಿಕೊಂಡ ಸೀಸದ ಒಂದು ಕಣವೂ ಉಂಗುರವನ್ನು ಕೆಡಿಸಬಲ್ಲದು. ಹಾಗಾಗಿ ಈ ಕೆಲಸಕ್ಕೆ ಅರ, ಚಿಮ್ಮಟ ಎಲ್ಲವೂ ಬೇರೆ.

ಬಿಳಿಯಾಗಿ ಕಾದ ಪ್ಲಾಟಿನಂ ಕಣ್ಣು ಕುಕ್ಕುತ್ತದೆ. ಬರಿಗಣ್ಣಲ್ಲಿ ನೋಡುತ್ತ ಕೂತರೆ ದೃಷ್ಟಿಗೇ ಅಪಾಯ. ವೆಲ್ಡಿಂಗ್ ಕನ್ನಡಕ ಹಾಕದೆ ದಯವಿಟ್ಟು ಯಾರೂ ಇದಕ್ಕೆ ಕೈಹಾಕಬೇಡಿ.

ಬೆಳ್ಳಿಗೆ ಹೋಲಿಸಿದರೆ ಪ್ಲಾಟಿನಂನಲ್ಲಿ ಶಾಖ ಹರಿಯುವುದು ಸುಮಾರು ಆರನೇ ಒಂದು ಪಾಲು ಮಾತ್ರ. ಬೆಳ್ಳಿ ಉಂಗುರದ ಒಂದು ತುದಿಗೆ ಬೆಂಕಿ ಹಿಡಿದರೆ ಇಡೀ ಉಂಗುರ ಕಾಯುತ್ತದೆ. ಪ್ಲಾಟಿನಂನಲ್ಲಿ ಬೆಂಕಿ ತಗುಲಿದ ಜಾಗವೇ ಕೆಂಪಾಗಿ ಬೆಳ್ಳಗಾಗುತ್ತದೆ, ಪಕ್ಕದ ಭಾಗಕ್ಕೆ ಬಿಸಿ ಏರುವುದು ನಿಧಾನ.

ಕಡಿಮೆ ಬಿಸಿಗೆ ಕರಗುವ ಎಷ್ಟೋ ‘ಪ್ಲಾಟಿನಂ ಬೆಸುಗೆ’ಗಳಲ್ಲಿ ಪ್ಲಾಟಿನಂ ಇರುವುದೇ ಇಲ್ಲ. ಅವು ಚಿನ್ನ, ಪಲ್ಲಾಡಿಯಂ, ಬೆಳ್ಳಿಯ ಮಿಶ್ರಣ. ಆಭರಣ ತೊಟ್ಟು ತೊಟ್ಟು ಸವೆದ ಮೇಲೆ ಸೇರಿಸಿದ ಜಾಗ ಗೆರೆಯಾಗಿ ಎದ್ದು ಕಾಣುವುದು ಇದರಿಂದಲೇ. ಹಳೇ ಒಡವೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ, ಹಳದಿ ಗೆರೆ ಸಿಕ್ಕರೂ ಸಿಗಬಹುದು.

ಇನ್ನು ಗುರುತು ಹಿಡಿಯುವ ಮಾತು. ‘950’ ಎಂಬ ಮುದ್ರೆಗೆ ಸಾವಿರದಲ್ಲಿ 950 ಪಾಲು ಪ್ಲಾಟಿನಂ ಎಂದರ್ಥ. ಉಳಿದ 50 ಪಾಲು ರುಥೇನಿಯಂ, ತಾಮ್ರ, ಕೋಬಾಲ್ಟ್ ಏನೂ ಇರಬಹುದು. ಕೋಬಾಲ್ಟ್ ಇದ್ದರೆ ಬಲವಾದ ಅಯಸ್ಕಾಂತ ಉಂಗುರವನ್ನು ಮೆಲ್ಲನೆ ಸೆಳೆಯುತ್ತದೆ. ಅಷ್ಟಕ್ಕೇ ನಕಲಿ ಎಂದು ತೀರ್ಮಾನಿಸಿದರೆ ಅನ್ಯಾಯ. ಕಾಯಿಸಿದಾಗ ನೀಲಿ-ನೇರಳೆ ಛಾಯೆ ತೋರಿದರೆ ಪಲ್ಲಾಡಿಯಂ ಇರಬಹುದೆಂಬ ಅನುಮಾನ.

ಒರೆಗಲ್ಲಿನ ಮೇಲೆ ಎಳೆದ ಪ್ಲಾಟಿನಂ ಗೆರೆ ನೈಟ್ರಿಕ್ ಆಮ್ಲಕ್ಕೆ ಅಳಿಸದು, ಬೆಳ್ಳಿಯ ಗೆರೆ ಅಳಿಸಿಹೋಗುತ್ತದೆ. ಇನ್ನೂ ಸುಲಭದ್ದು ನೀರಿನ ಪರೀಕ್ಷೆ. 10 ಗ್ರಾಂ ಶುದ್ಧ ಬೆಳ್ಳಿಯನ್ನು ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದರೆ ಸುಮಾರು 0.95 ಗ್ರಾಂ ಕಡಿಮೆಯಾಗುತ್ತದೆ. ಅಷ್ಟೇ ತೂಕದ ಶುದ್ಧ ಪ್ಲಾಟಿನಂ ಕಳೆದುಕೊಳ್ಳುವುದು 0.47 ಗ್ರಾಂ.

ಸ್ಪೇನಿನವರು ಈ ಲೋಹಕ್ಕೆ ‘ಪ್ಲಾಟಿನಾ’, ಅಂದರೆ ‘ಚಿಕ್ಕ ಬೆಳ್ಳಿ’ ಎಂದು ಹೆಸರಿಟ್ಟರು. ಅವರು ದಕ್ಷಿಣ ಅಮೆರಿಕಕ್ಕೆ ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಂದಿನ ಈಕ್ವೆಡಾರ್-ಕೊಲಂಬಿಯಾ ಕರಾವಳಿಯ ಲಾ ತೋಲಿತಾದ ಕುಶಲಕರ್ಮಿಗಳು ಪ್ಲಾಟಿನಂ ಕೆಲಸ ಮಾಡುತ್ತಿದ್ದರು. ಅದನ್ನು ಕರಗಿಸುವಷ್ಟು ಬೆಂಕಿ ಅವರಲ್ಲಿರಲಿಲ್ಲ. ಪ್ಲಾಟಿನಂ ಕಾಳುಗಳಿಗೆ ಚಿನ್ನದ ಪುಡಿ ಬೆರೆಸಿ ಕಾಯಿಸಿದರು. ಕರಗಿದ ಚಿನ್ನ ಕಾಳುಕಾಳನ್ನೂ ಅಂಟಿನಂತೆ ಹಿಡಿದುಕೊಂಡಿತು. ಮತ್ತೆ ಬಡಿದರು, ಮತ್ತೆ ಕಾಯಿಸಿದರು. ಹಾಗೆ ಬಡಿದೂ ಕಾಯಿಸಿಯೂ ಮೂಗಿನ ಆಭರಣಗಳನ್ನು ಮಾಡಿದರು.