ಘಟ್ಟದ ನೆತ್ತಿಯ ರಾಜಧಾನಿ: ಬಿದನೂರು ನಗರವಾದ ಬಗೆ

ಕುಂದಾಪುರ ಬಿಟ್ಟು ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಹುಲಿಕಲ್, ಮಾಸ್ತಿಕಟ್ಟೆ ಸಿಗುತ್ತವೆ. ಅಲ್ಲಿಂದ ಮುಂದೆ ಕಾಡು ತುಸು ಸರಿದು ಗದ್ದೆ, ಅಡಕೆ ತೋಟ ಕಾಣತೊಡಗುತ್ತವೆ. ಆಮೇಲೆ ರಸ್ತೆಯ ಮಗ್ಗುಲಲ್ಲೇ ಕೋಟೆಯ ಬುರುಜು. ಇದು ನಗರ, ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪೇಟೆ ಅಂದರೆ ಬಸ್ಸು ನಿಲ್ಲುವ ಜಾಗ, ಒಂದಿಷ್ಟು ಅಂಗಡಿ ಸಾಲು. 17ನೇ ಶತಮಾನದ ನಡುಭಾಗದಿಂದ 1763ರವರೆಗೆ ಹೊನ್ನಾವರದಿಂದ ಬೇಕಲದವರೆಗಿನ ಕರಾವಳಿಯನ್ನೂ ಅದರ ಮೇಲಿನ ಮಲೆನಾಡನ್ನೂ ಆಳಿದ ಕೆಳದಿ ಸಂಸ್ಥಾನದ ರಾಜಧಾನಿ ಇದೇ ಊರು, ಆಗಿನ ಹೆಸರು ಬಿದನೂರು.

ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನ ಮುಖ ಕಾಣದ ಕಡೆ ರಾಜಧಾನಿ ಕಟ್ಟಲು ಯಾರಿಗೆ ಮನಸ್ಸಾದೀತು? ಉತ್ತರ ನೆಲದ ಆಕಾರದಲ್ಲೇ ಇದೆ. ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ, ಸುತ್ತಲೂ ಗುಡ್ಡ ಕಟ್ಟಿದ ತಗ್ಗಿನಲ್ಲಿ ಊರು ಕೂತಿದೆ. ಒಂದು ಕಡೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಪಡುವಣಕ್ಕೆ ಘಟ್ಟ ಒಮ್ಮೆಲೇ ಕಡಿದು ಬೀಳುತ್ತದೆ. ಮಾಸ್ತಿಕಟ್ಟೆ ಬಳಿ ವಾರಾಹಿ ಹೊಳೆ ಕುಂಚಿಕಲ್ ಅಬ್ಬಿಯಾಗಿ ಹಂತಹಂತವಾಗಿ 455 ಮೀಟರ್ ಇಳಿಯುವುದು ಈ ಅಂಚಿನಲ್ಲಿಯೇ. ಕಡಲಿನಿಂದ ಬಂದ ಮುಂಗಾರಿನ ಮೋಡಕ್ಕೆ ಎದುರಾಗುವ ಗೋಡೆಯೂ ಇದೇ. ಮಳೆಯ ಲೆಕ್ಕದಲ್ಲಿ ಹುಲಿಕಲ್ ಕೆಲವು ವರ್ಷ ಆಗುಂಬೆಯನ್ನೂ ಹಿಂದಿಕ್ಕುತ್ತದೆ. ಇಷ್ಟು ಮಳೆ, ಕಾನಿನ ನೆರಳು, ಬೇಸಿಗೆಯಲ್ಲೂ ಜಿನುಗುವ ಹಳ್ಳ: ಅಡಕೆಗೂ ಕಾಳುಮೆಣಸಿಗೂ ಇದಕ್ಕಿಂತ ಬೇರೇನು ಬೇಕು? ಬೆಳೆದದ್ದನ್ನು ಕಡಲಿಗೆ ಮುಟ್ಟಿಸಬೇಕಾದರೆ ಹೇರಿನ ಎತ್ತುಗಳು ಇಳಿಯಬಲ್ಲ ದಾರಿ ಬೇಕು. ಈ ಘಟ್ಟದಲ್ಲಿ ಅಂಥ ದಾರಿಗಳು ಬೆರಳೆಣಿಕೆಯವು. ಹೊಸಂಗಡಿಗೆ ಇಳಿಯುವುದು ಅವುಗಳಲ್ಲೊಂದು. ಕೆಳಗೆ ಬಸ್ರೂರು, ಕುಂದಾಪುರದ ಬಂದರುಗಳು, ಮೇಲೆ ಬಿದನೂರು. ಪೋರ್ಚುಗೀಸರು, ಆಮೇಲೆ ಡಚ್ಚರು, ಇಂಗ್ಲಿಷರು ಮೆಣಸಿಗೂ ಅಕ್ಕಿಗೂ ಕೆಳದಿ ಅರಸರ ಒಪ್ಪಂದಕ್ಕಾಗಿ ಪೈಪೋಟಿಗೆ ಬಿದ್ದದ್ದು ಸುಮ್ಮನೆ ಅಲ್ಲ.

ಕೆಳದಿ ನಾಯಕರು ಮೊದಲು ಆಳಿದ್ದು ಸಾಗರದ ಪಕ್ಕದ ಕೆಳದಿಯಿಂದ, ಬಳಿಕ ಇಕ್ಕೇರಿಯಿಂದ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ವೆಂಕಟಪ್ಪ ನಾಯಕನನ್ನು ಕಂಡದ್ದು ಇಕ್ಕೇರಿಯಲ್ಲಿ. ಆದರೆ ಇಕ್ಕೇರಿ ಬಯಲಿಗೆ ಹತ್ತಿರ. 1630ರ ದಶಕದಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಅಲ್ಲಿಗೆ ನುಗ್ಗಿ ಲೂಟಿ ಮಾಡಿತು. ಆಗಿನ ಅರಸ ವೀರಭದ್ರ ನಾಯಕ 1640ರ ಆಸುಪಾಸಿನಲ್ಲಿ ಗದ್ದುಗೆಯನ್ನು ಘಟ್ಟದ ಅಂಚಿಗೆ ಸರಿಸಿದ. ಬಯಲುಸೀಮೆಯ ಕುದುರೆಸೇನೆಗೆ ಮಲೆನಾಡಿನ ಜೂನ್‌ ತಿಂಗಳು ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು.

ಊರನ್ನು ನಿಜವಾಗಿ ಬೆಳೆಸಿದವನು ಅವನ ನಂತರದ ಶಿವಪ್ಪ ನಾಯಕ. 1645ರಿಂದ 1660ರವರೆಗೆ ಆಳಿದವನು. ಅವನ ಕಾಲದಲ್ಲಿ ಪೇಟೆ ಎಷ್ಟು ಹಬ್ಬಿತೆಂದರೆ ಮನೆಗಳ ಲೆಕ್ಕ ಲಕ್ಷದ ಹತ್ತಿರ ಬಂದಿತ್ತೆಂದು ಜನ ಹೇಳುತ್ತ ಬಂದಿದ್ದಾರೆ. ಆ ಮಾತು ಗೆಜೆಟಿಯರುಗಳಿಗೂ ಏರಿದೆ. ಅಷ್ಟು ಮನೆಗಳನ್ನು ಈ ಕಣಿವೆ ಹಿಡಿಸಿಕೊಂಡೀತೆಂದು ನಾನು ನಂಬಲಾರೆ. ಆದರೂ ಕಾಡಿನ ನಡುವೆ ಕಲ್ಲುಕಟ್ಟಡದ ಅವಶೇಷ ಎಷ್ಟು ದೂರದವರೆಗೆ ಚೆದುರಿ ಬಿದ್ದಿದೆ ಎಂಬುದನ್ನು ಕಂಡವರಿಗೆ ಆ ಮಾತು ಎಲ್ಲಿಂದ ಹುಟ್ಟಿತೆಂದು ಅರ್ಥವಾಗುತ್ತದೆ. ಗುಡ್ಡದ ಮೇಲಿನ ಕೋಟೆಯಲ್ಲಿ ದರ್ಬಾರಿನ ಕಟ್ಟೆ ಉಳಿದಿದೆ, ಅಕ್ಕ-ತಂಗಿ ಕೊಳಗಳಿವೆ. ಊರಿನಿಂದ ಸ್ವಲ್ಪ ದೂರದಲ್ಲಿ ದೇವಗಂಗೆ. ಒರತೆಯ ನೀರು ಒಂದು ಕೊಳದಿಂದ ಮತ್ತೊಂದಕ್ಕೆ ಹರಿದು ಹೋಗುವಂತೆ ಕಲ್ಲಿನಲ್ಲಿ ಕಟ್ಟಿದ ಕೊಳಗಳ ಸಾಲು ಅದು. ಆಳೆತ್ತರ ಮಳೆ ಸುರಿಯುವ ನಾಡಿನವರು ನೀರನ್ನು ಇಷ್ಟು ಅಕ್ಕರೆಯಿಂದ ನಡೆಸಿದ್ದು ನೋಡಿದಾಗಲೆಲ್ಲ ಮನಸ್ಸು ತುಂಬುತ್ತದೆ.

ಆದರೆ ನನ್ನ ಕಣ್ಣಿಗೆ ಬಿದನೂರು ಬಿಟ್ಟುಹೋದ ದೊಡ್ಡ ಕಟ್ಟಡ ಕಲ್ಲಿನದಲ್ಲ. ಶಿವಪ್ಪ ನಾಯಕನ ಶಿಸ್ತು ಎಂದು ಮಲೆನಾಡಿನವರು ಇಂದಿಗೂ ಹೇಳುವ ಕಂದಾಯದ ಏರ್ಪಾಡು ಅದು. ಲೂಯಿಸ್ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಅದನ್ನು ವಿವರಿಸಿದ್ದಾನೆ. ಭೂಮಿಯನ್ನು ಗುಣಕ್ಕೆ ತಕ್ಕಂತೆ ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿದರು. ಪ್ರತಿ ಊರಿನಲ್ಲೂ ಒಂದೊಂದು ತರಗತಿಯ ಒಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿದರು, ಅದೂ ಸತತ 12 ವರ್ಷ. ಬಿತ್ತಿದ ಬೀಜ ಎಷ್ಟು, ಆಳಿನ ಖರ್ಚು ಎಷ್ಟು, ಬೆಳೆದದ್ದು ಎಷ್ಟು, ಅದಕ್ಕೆ ಸಿಕ್ಕ ಬೆಲೆ ಎಷ್ಟು ಎಂದು ವರ್ಷ ವರ್ಷ ಬರೆದಿಟ್ಟು ಸರಾಸರಿ ತೆಗೆದು, ಬೆಳೆಯ ಮೂರನೆಯ ಒಂದು ಪಾಲನ್ನು ಅರಮನೆಗೆ ನಿಗದಿ ಮಾಡಿದರು. ಅಡಕೆ ತೋಟಕ್ಕೆ ಮರಗಳನ್ನು ಎಣಿಸಿ ಬೇರೆಯೇ ಲೆಕ್ಕ. ಅತಿವೃಷ್ಟಿಯ ವರ್ಷವೂ ಕೊಳೆರೋಗದ ವರ್ಷವೂ ಬರುವ ಈ ನೆಲದಲ್ಲಿ ಒಂದೆರಡು ಸುಗ್ಗಿ ನೋಡಿ ತೆರಿಗೆ ಕಟ್ಟುವುದು ಅನ್ಯಾಯವಾಗುತ್ತಿತ್ತು. ಹನ್ನೆರಡು ಮಳೆಗಾಲ ಕಾಯುವ ತಾಳ್ಮೆ ಒಬ್ಬ ಅರಸನಿಗೆ ಇತ್ತು ಎಂಬುದು ಸಣ್ಣ ಮಾತಲ್ಲ. ದಂಡಯಾತ್ರೆಗಳಲ್ಲಿ ಅವನು ಗೆದ್ದದ್ದೆಲ್ಲ ಮೂರು ತಲೆಮಾರು ಕಳೆಯುವುದರೊಳಗೆ ಕೈಬಿಟ್ಟಿತು. ಆ ಲೆಕ್ಕ ಮಾತ್ರ ಸಂಸ್ಥಾನ ಅಳಿದ ಮೇಲೂ ರೈತರ ನೆನಪಿನಲ್ಲಿ ನಿಂತಿತು.

ಶಿವಪ್ಪ ನಾಯಕನ ಬಳಿಕ ಚೆನ್ನಮ್ಮಾಜಿ ಕಾಲು ಶತಮಾನ ಆಳಿದಳು. ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಬೆನ್ನಟ್ಟಿ ಬಂದ ಮೊಗಲ್ ಸೇನೆಯನ್ನು ಎದುರಿಸಿದವಳು ಅವಳೇ. ಅವಳ ದತ್ತುಮಗ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವ ರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ರಚಿಸಿದ.

1763ರಲ್ಲಿ ಹೈದರಾಲಿ ಬಂದ. ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಗುಡ್ಡಗಳ ನಡುವಿನ ಕಂಡಿಗಳನ್ನೆಲ್ಲ ಕಾವಲಿಟ್ಟು ಮುಚ್ಚಲಾಗಿತ್ತು. ಆದರೆ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಹೈದರನ ಕೈಗೆ ಸಿಕ್ಕು, ಕಾವಲಿಲ್ಲದ ಒಂದು ಒಳದಾರಿಯನ್ನು ತೋರಿಸಿಕೊಟ್ಟ. ರಾಣಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನ ದುರ್ಗಕ್ಕೆ ಓಡಿದಳು, ಜನ ಕಾಡು ಸೇರಿದರು, ಪೇಟೆ ತೆರೆದೇ ಬಿದ್ದಿತ್ತು. ಹೈದರ್ ಬೆಂಕಿ ಆರಿಸಿ, ಅಂಗಡಿ-ಭಂಡಾರಗಳಿಗೆ ಮುದ್ರೆ ಹಾಕಿಸಿದ. ಇಲ್ಲಿ ಸಿಕ್ಕ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದನೆಂದು ಚರಿತ್ರೆಕಾರರು ಬರೆದಿದ್ದಾರೆ. ಊರಿಗೆ ಹೈದರನಗರ ಎಂದು ಹೆಸರಿಟ್ಟ, ಟಂಕಸಾಲೆ ತೆರೆದ. ಅವನು ಹೊಡೆಸಿದ ಚಿನ್ನದ ವರಹಗಳ ಒಂದು ಮುಖದಲ್ಲಿ ಇಕ್ಕೇರಿ ನಾಣ್ಯದ ಶಿವಪಾರ್ವತಿಯರು ಹಾಗೆಯೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಬಂತು. ಸೆರೆಸಿಕ್ಕ ವೀರಮ್ಮಾಜಿಯನ್ನು ದೂರದ ಮಧುಗಿರಿಯಲ್ಲಿ ಇಟ್ಟರು.

ಅದುವರೆಗೆ ಮೆಣಸು ಇಳಿಯುತ್ತಿದ್ದ ದಾರಿಯಲ್ಲಿ ಇಪ್ಪತ್ತು ವರ್ಷಗಳ ಬಳಿಕ ಫಿರಂಗಿ ಹತ್ತಿತು. ಹೈದರ್ ತೀರಿಕೊಂಡ ಬೆನ್ನಿಗೇ, 1783ರ ಜನವರಿಯಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಹೊಸಂಗಡಿ ಘಟ್ಟದ ಕಾವಲುಗಳನ್ನು ಭೇದಿಸಿ ಮೇಲೆ ಬಂದ. ಊರಿನ ಅಧಿಪತಿ ಅಯಾಜ್ ಖಾನ್ ಶರಣಾದ. ಏಪ್ರಿಲ್‌ನಲ್ಲಿ ಹೈದರನ ಮಗ ಟಿಪ್ಪು ಬಂದು ಮುತ್ತಿದಾಗ ಮ್ಯಾಥ್ಯೂಸ್‌ಗೂ ಅದೇ ಗತಿಯಾಯಿತು. ಅವನು ಸತ್ತದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ. ಹಿಡಿ-ಬಿಡುವಿನ ಈ ಹೊಡೆತದಲ್ಲಿ ಪೇಟೆ ಸುಟ್ಟಿತು, ವ್ಯಾಪಾರಿಗಳು ಚೆದುರಿದರು. 1801ರಲ್ಲಿ ಕಂಪನಿಗಾಗಿ ನಾಡಿನ ಸಮೀಕ್ಷೆಗೆ ಹೊರಟಿದ್ದ ಫ್ರಾನ್ಸಿಸ್ ಬುಕನನ್ ಈ ದಾರಿಯಾಗಿ ಹೋದಾಗ ಹಳೆಯ ವೈಭವ ಆಗಲೇ ಕೇಳಿ ತಿಳಿಯುವ ಸಂಗತಿಯಾಗಿತ್ತು.

ಆದರೂ ನಗರದ ಹೆಸರು ಇನ್ನೊಮ್ಮೆ ಎದ್ದು ನಿಂತಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಗರ ಫೌಜುದಾರಿಯ, ಅಂದರೆ ನಗರ ಪ್ರಾಂತ್ಯದ, ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡಲಾಗಿತ್ತು. ಹೆಚ್ಚು ಕೂಗಿದವರಿಗೆ ವಸೂಲಿ, ವಸೂಲಿಗಾರ ಹೇಳಿದ್ದೇ ಲೆಕ್ಕ. ಹನ್ನೆರಡು ವರ್ಷದ ಸರಾಸರಿ ಕಂಡಿದ್ದ ನೆಲ ಇದನ್ನು ಸಹಿಸಲಿಲ್ಲ. 1830ರಲ್ಲಿ ರೈತರು ಊರೂರಿನಲ್ಲಿ ಕೂಟ ಸೇರಿದರು, ಕಂದಾಯ ಕಟ್ಟುವುದಿಲ್ಲ ಎಂದರು. ಬೂದಿ ಬಸವಪ್ಪ ಎಂಬವನು ತಾನೇ ನಗರದ ಅರಸರ ವಂಶದವನೆಂದು ಸಾರಿಕೊಂಡು ಮುಂದೆ ನಿಂತ. ಗದ್ದುಗೆ ಅಳಿದು 67 ವರ್ಷವಾಗಿದ್ದರೂ ಜನ ಆ ಹೆಸರಿನ ಹಿಂದೆ ನಡೆದರೆಂದರೆ ಅದಕ್ಕೆ ಅರಸರ ಮೇಲಿನ ಮೋಹವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ; ಶಿಸ್ತಿನ ಕಾಲದ ನೆನಪೂ ಅದರೊಳಗೆ ಇದ್ದಿರಬೇಕು. ದಂಗೆ ಅಡಗಿತು. ಅದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ತೆಗೆದುಕೊಂಡ. 1881ರವರೆಗೆ ಮೈಸೂರು ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಆ ಅರ್ಧ ಶತಮಾನದ ಒಂದು ಬೇರು ಈ ಅಡಕೆ ತೋಟಗಳಲ್ಲಿದೆ.

ಕಮಿಷನರುಗಳ ಕಾಲದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಸೇರಿದ ವಿಭಾಗಕ್ಕೆ ನಗರದ ಹೆಸರೇ ಇತ್ತು, ಕಚೇರಿ ಮಾತ್ರ ಶಿವಮೊಗ್ಗದಲ್ಲಿ. 1893ರಲ್ಲಿ ತಾಲ್ಲೂಕು ಕಚೇರಿಯೂ ಹೊರಟುಹೋಯಿತು. ಅದು ಹೋಗಿ ಸೇರಿದ ಕಲ್ಲೂರುಕಟ್ಟೆ ಎಂಬ ಊರು ಹೊಸನಗರವಾಯಿತು.

20ನೇ ಶತಮಾನ ಈ ಸೀಮೆಗೆ ನೀರಿಗಾಗಿ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹೊಸನಗರದ ಕಡೆಗೂ ಚಾಚಿತು. ಊರು, ಗದ್ದೆ, ದೇವಸ್ಥಾನ ಬಿಟ್ಟು ಎದ್ದ ಸಂಸಾರಗಳನ್ನು ಮುಳುಗಡೆಯವರು ಎಂದು ಕರೆದರು. ಅವರಲ್ಲಿ ಎಷ್ಟೋ ಮಂದಿಯ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಆಮೇಲೆ ನಗರದ ಹತ್ತಿರವೇ ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳು ಎದ್ದವು. ಪಡುವಣ ಕಡಲಿಗೆ ಗಂಗೊಳ್ಳಿಯ ಬಳಿ ಸೇರಬೇಕಾದ ಚಕ್ರಾ ಹೊಳೆಯ ನೀರನ್ನು ತಿರುಗಿಸಿ ಲಿಂಗನಮಕ್ಕಿಗೆ ಕೂಡಿಸಿದರು. ವಾರಾಹಿಗೆ ಮಾಣಿಯಲ್ಲಿ ಅಡ್ಡಗಟ್ಟೆ ಬಿತ್ತು. 1989ರಿಂದ ಆ ನೀರು ಘಟ್ಟದ ಹೊಟ್ಟೆಯೊಳಗಿನ ವಿದ್ಯುದಾಗಾರಕ್ಕೆ ಇಳಿಯುತ್ತದೆ, ಕುಂಚಿಕಲ್ ಅಬ್ಬಿ ವರ್ಷದ ಬಹುಪಾಲು ಬರಿದಾಗಿರುತ್ತದೆ. ಶಿವಪ್ಪ ನಾಯಕನ ಕಾಲದಲ್ಲಿ ಈ ನೆಲದ ಆದಾಯ ಅಳೆದವರು ಒಂದೊಂದು ಗದ್ದೆಯನ್ನೂ ಕಣ್ಣಾರೆ ನೋಡಿದ್ದರು. ಇಲ್ಲಿಂದ ಬೆಂಗಳೂರಿಗೆ ಹೋದ ವಿದ್ಯುತ್ತಿಗೆ ಪ್ರತಿಯಾಗಿ ಈ ನೆಲದವರಿಗೆ ಎಷ್ಟು ಸಲ್ಲಬೇಕು ಎಂದು ಅಷ್ಟು ಜೋಪಾನವಾಗಿ ಕೂತು ಬರೆದ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂದು ನಗರದವರ ಕೋರ್ಟು-ಕಚೇರಿ ಮೂಡಣಕ್ಕೆ, ಹೊಸನಗರ, ಶಿವಮೊಗ್ಗದಲ್ಲಿ. ಜೀವಕ್ಕೆ ತೊಂದರೆಯಾದರೆ ಓಡುವುದು ಪಡುವಣಕ್ಕೆ, ಘಟ್ಟ ಇಳಿದು ಕುಂದಾಪುರ, ಮಣಿಪಾಲಕ್ಕೆ. ಮೀನಿನ ಗಾಡಿ ಅದೇ ದಾರಿಯಲ್ಲಿ ಮೇಲೆ ಬರುತ್ತದೆ. ಜುಲೈಯಲ್ಲಿ ಬಾಳೆಬರೆ ಘಾಟಿಯಲ್ಲಿ ಧರೆ ಕುಸಿದರೆ ಲಾರಿ, ಬಸ್ಸು ನಿಂತುಬಿಡುತ್ತವೆ. ಆಂಬುಲೆನ್ಸು ಸುತ್ತು ಹಾಕಿ ಹೋಗಬೇಕು. ಊರಿನವರು ವರ್ಷವರ್ಷವೂ ಕೇಳುತ್ತಿರುವುದು ಮಳೆಗಾಲ ತಡೆಯುವಂಥ ಒಂದು ಘಟ್ಟದ ರಸ್ತೆಯನ್ನು.