ಹುಬ್ಬಿನ ಅಂದಕ್ಕೆ ಒಂದೂವರೆ ಮೊಳ ದಾರ

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮುಂಬಯಿಯ ಕನ್ನಡ ಸಂಘಗಳ ಮಹಿಳಾ ವಿಭಾಗಗಳಲ್ಲಿ ಅರಸಿನ ಕುಂಕುಮದ ಸಂಭ್ರಮ. ಕಾರ್ಯಕ್ರಮದ ಹಿಂದಿನ ಸಂಜೆ ಉಪನಗರದ ಬ್ಯೂಟಿ ಪಾರ್ಲರಿಗೆ ಹೋದರೆ ಕೂರಲು ಜಾಗ ಸಿಗುವುದು ಕಷ್ಟ. ಫೇಶಿಯಲ್ ಬೇಡವೆನ್ನುವವರೂ ಹುಬ್ಬನ್ನು ಮಾತ್ರ ಮಾಡಿಸಿಕೊಳ್ಳಲು ಬಂದಿರುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕಾಯಬೇಕು. ಅವಸರದಲ್ಲಿ ಕೈ ಓಡಿಸುವ ಹುಡುಗಿ ನಾಲ್ಕು ಕೂದಲು ಹೆಚ್ಚಿಗೆ ಕಿತ್ತಳೆಂದರೆ ಒಂದು ಹುಬ್ಬು ದಪ್ಪ, ಇನ್ನೊಂದು ಗೆರೆ.

ಬ್ಯಾಂಕಿನವಳಿಗೆ ಲೆಕ್ಕದ ಚಾಳಿ ಬಿಡದು. ಒಮ್ಮೆಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಬಾರಿ, 850 ರೂಪಾಯಿ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ 2,550. ಒಂದು ರೀಲು ದಾರಕ್ಕೆ ಇದರ ಸಣ್ಣ ಪಾಲೂ ಬೇಡ.

ಆದರೆ ಹಣಕ್ಕಿಂತ ನನಗೆ ಮುಖ್ಯವೆನಿಸುವುದು ಶುಚಿತ್ವ. ಪಾರ್ಲರಿನಲ್ಲಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ರೂಢಿ. ಒಬ್ಬರಿಗೆ ಬಳಸಿದ ದಾರವೇ ಇನ್ನೊಬ್ಬರ ಮುಖಕ್ಕೆ ಬಂದರೆ ಕೇಳುವವರು ಕಡಿಮೆ. ಥ್ರೆಡಿಂಗ್ ಮಾಡಿಸಿದ ಜಾಗದಲ್ಲೇ ಸಣ್ಣ ಸಣ್ಣ ನರುಲಿಗಳು ಹರಡಿದ ಪ್ರಕರಣಗಳನ್ನು ನಮ್ಮ ದೇಶದ ಚರ್ಮರೋಗ ತಜ್ಞರು ದಾಖಲಿಸಿದ್ದಾರೆ. ಮನೆಯಲ್ಲಿ ಮಾಡುವ ಕ್ರಮದಲ್ಲಿ ಬಾಯಿಯ ಅಗತ್ಯವೇ ಇಲ್ಲ.

ಒಂದೂವರೆ ಮೊಳದಷ್ಟು ಗಟ್ಟಿ ಹತ್ತಿ ದಾರ ತೆಗೆದುಕೊಳ್ಳಿ. ನೈಲಾನ್ ಬೇಡ, ಜಾರುತ್ತದೆ, ಚರ್ಮವನ್ನೂ ಕೊಯ್ಯುತ್ತದೆ. ತುದಿಗಳನ್ನು ಗಂಟು ಹಾಕಿ ದೊಡ್ಡ ಬಳೆಯಂತೆ ಮಾಡಿ, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿಗೆ ತೊಡಿಸಿ, ಒಂದು ಕೈಯನ್ನು ಆರೇಳು ಬಾರಿ ತಿರುಗಿಸಿದರೆ ನಡುವೆ ಹುರಿ ಬೀಳುತ್ತದೆ. ಬಲಗೈ ಬೆರಳುಗಳನ್ನು ಅಗಲಿಸಿದರೆ ಹುರಿ ಎಡಕ್ಕೆ ಓಡುತ್ತದೆ, ಎಡಗೈ ಬೆರಳುಗಳನ್ನು ಅಗಲಿಸಿದರೆ ಬಲಕ್ಕೆ. ಬೇಡದ ಕೂದಲು, ಹುರಿ ಓಡಿಬರುವ ಕಡೆಯ ಎರಡು ಎಳೆಗಳ ನಡುವೆ ಇರಬೇಕು. ಹುರಿ ಅದನ್ನು ಹಿಡಿದು ಬುಡಸಮೇತ ಕೀಳುತ್ತದೆ. ಹುಬ್ಬಿನ ಕೂದಲು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಬೆಳೆಯುವುದರಿಂದ ಹುರಿ ಕಿವಿಯ ಕಡೆಯಿಂದ ಮೂಗಿನ ಕಡೆಗೆ ಓಡಬೇಕು. ಮೊದಲ ಒಂದು ವಾರ ಈ ಅಭ್ಯಾಸ ಕಾಲಿನ ಮೇಲೆ ನಡೆಯಲಿ, ಮುಖದ ಮೇಲೆ ಬೇಡ. ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಲಿಪ್‌ಸ್ಟಿಕ್ ಹಚ್ಚುವುದನ್ನು ಕಂಡಿದ್ದೇನೆ, ತರಕಾರಿ ಹೆಚ್ಚುವುದನ್ನೂ ಕಂಡಿದ್ದೇನೆ. ಇದನ್ನು ಮಾತ್ರ ದಯವಿಟ್ಟು ಅಲ್ಲಿ ಮಾಡಬೇಡಿ.

ಆಕಾರಕ್ಕೆ ಒಂದು ಪೆನ್ಸಿಲ್ ಸಾಕು. ಮೂಗಿನ ಹೊಳ್ಳೆಯ ಪಕ್ಕದಲ್ಲಿ ನೇರವಾಗಿ ನಿಲ್ಲಿಸಿದರೆ ಅದು ಮುಟ್ಟುವಲ್ಲಿ ಹುಬ್ಬಿನ ಆರಂಭ. ಅಲ್ಲಿಂದಲೇ ಕಣ್ಣಿನ ಹೊರ ಮೂಲೆಯ ಕಡೆಗೆ ಓರೆಯಾಗಿಸಿದರೆ ಸಿಗುವುದು ಕೊನೆ. ಈ ನಡುವಿನ ಕೂದಲಿನ ಸಾಲನ್ನು ಕಾಡಿಗೆ ಪೆನ್ಸಿಲಿನಿಂದ ಗುರುತಿಸಿ, ಅದರಿಂದ ಕೆಳಗೆ ಚೆದುರಿರುವುದನ್ನಷ್ಟೇ ತೆಗೆಯಿರಿ. ಮೇಲ್ಭಾಗಕ್ಕೆ ಕೈ ಹಾಕುವುದು ಆದಷ್ಟು ಕಡಿಮೆ. ಚಿಮಟಿಯಾದರೆ ಒಂದೊಂದೇ ಕೂದಲು ಬರುತ್ತದೆ, ದಾರಕ್ಕೆ ಒಂದು ಸಾಲೇ ಬರುತ್ತದೆ. ಆದ್ದರಿಂದ ಎರಡು ಬಾರಿ ಎಳೆದು ಕನ್ನಡಿ ನೋಡಿ, ಮತ್ತೆ ಎಳೆಯಿರಿ.

ಈಗ ಒಂದು ತೊಡಕು. ಪಾರ್ಲರಿನಲ್ಲಿ ರೆಪ್ಪೆಯ ಚರ್ಮವನ್ನು ನಮ್ಮ ಕೈಯಿಂದಲೇ ಎಳೆದು ಹಿಡಿಯಲು ಹೇಳುತ್ತಾರಲ್ಲ, ಅದಕ್ಕೆ ಕಾರಣವಿದೆ. ಸಡಿಲ ಚರ್ಮ ಹುರಿಗೆ ಸಿಕ್ಕರೆ ಗಾಯವಾಗುತ್ತದೆ. ಒಬ್ಬಳೇ ಮಾಡಿಕೊಳ್ಳುವಾಗ ಎರಡೂ ಕೈ ದಾರದಲ್ಲಿರುತ್ತವೆ. ಹಾಗಾಗಿ ಇದು ಇಬ್ಬರ ಕೆಲಸ ಎಂದೇ ನನ್ನ ಅಭಿಪ್ರಾಯ. ತಾಯಿಗೆ ಮಗಳು, ಅತ್ತಿಗೆಗೆ ನಾದಿನಿ, ನೆರೆಮನೆಯ ಅಕ್ಕನಿಗೆ ನೀವು. 2020ರ ಲಾಕ್‌ಡೌನಿನಲ್ಲಿ ಪಾರ್ಲರುಗಳು ಮುಚ್ಚಿದ್ದಾಗ ಎಷ್ಟೋ ಮನೆಗಳಲ್ಲಿ ನಡೆದದ್ದು ಹೀಗೆಯೇ.

ಇರಾನಿನಲ್ಲಿ ಈ ದಾರದ ಕೆಲಸಕ್ಕೆ 'ಬಂದ್ ಅಂದಾಜಿ' ಎನ್ನುತ್ತಾರೆ. ಹಿಂದೆ ಅಲ್ಲಿ ಹುಡುಗಿಯ ಹುಬ್ಬಿಗೆ ಮೊದಲ ಬಾರಿ ದಾರ ತಾಗುತ್ತಿದ್ದುದು ಮದುವೆಯ ಹೊತ್ತಿಗೆ. ನಮ್ಮಲ್ಲಿ ಈಗ ಎಂಟನೇ ತರಗತಿಯ ಮಕ್ಕಳು ಕೇಳುತ್ತಾರೆ. ಬೈದು ಸುಮ್ಮನಾಗಿಸುವುದು ಸರಿಯಲ್ಲ. ಕೂಡು ಹುಬ್ಬಿಗೆ ತರಗತಿಯಲ್ಲಿ ಆಡಿಕೊಳ್ಳುವವರು ಇರುತ್ತಾರೆ. ನಡುವಿನ ನಾಲ್ಕು ಕೂದಲನ್ನು ತಾಯಿಯೇ ತೆಗೆದುಕೊಟ್ಟರೆ ಮಗು ತಾನೇ ಬ್ಲೇಡು ಹಿಡಿಯುವುದಿಲ್ಲ. ಆದರೆ ಗೆರೆಯಂತೆ ತೆಳ್ಳಗೆ ಮಾಡುವುದಕ್ಕೆ ಒಪ್ಪಬೇಡಿ. ವರ್ಷಗಟ್ಟಲೆ ಬುಡಸಮೇತ ಕಿತ್ತ ಜಾಗದಲ್ಲಿ ಕೂದಲು ಮತ್ತೆ ಬರದಿರುವುದೂ ಉಂಟು.

ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. ದಾರ ಮುಟ್ಟಿಸದಿದ್ದರೂ ಹುಬ್ಬಿನ ಹೊರಭಾಗ ತೆಳುವಾಗುತ್ತಾ ಬಂದರೆ, ಜೊತೆಗೆ ಸುಸ್ತು, ಮೈ ದಪ್ಪವಾಗುವುದು ಇದ್ದರೆ ವೈದ್ಯರಲ್ಲಿ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಮೊಡವೆಯ ಮುಲಾಮು ಹಚ್ಚುವವರು ಥ್ರೆಡಿಂಗಿಗೆ ಮೊದಲೇ ವೈದ್ಯರನ್ನು ವಿಚಾರಿಸುವುದು ಒಳ್ಳೆಯದು. ಗುಳ್ಳೆ, ಗಾಯ ಇರುವಲ್ಲಿ ದಾರ ಆಡಿಸಲೇಬಾರದು.

ಸ್ನಾನದ ನಂತರ, ಮುಖ ಒರೆಸಿ ಸ್ವಲ್ಪ ಪೌಡರ್ ಹಚ್ಚಿಕೊಂಡು ಮಾಡಿದರೆ ಕೂದಲು ಸುಲಭವಾಗಿ ಬರುತ್ತದೆ. ಕೊನೆಗೆ ತಣ್ಣೀರಿನ ಬಟ್ಟೆ ಒತ್ತಿದರೆ ಉರಿ ಇಳಿಯುತ್ತದೆ. ಮಹಿಳಾ ವಿಭಾಗದವರು ರಂಗೋಲಿ, ಅಡುಗೆ ಸ್ಪರ್ಧೆಗಳ ನಡುವೆ ಒಂದು ಭಾನುವಾರ ಮಧ್ಯಾಹ್ನವನ್ನು ಇದಕ್ಕೂ ಕೊಡಬಹುದು. ಕಲಿಸುವವರು ನಮ್ಮಲ್ಲೇ ಇದ್ದಾರೆ, ಮನೆಯಲ್ಲೇ ಪಾರ್ಲರ್ ನಡೆಸಿ ಸಂಸಾರ ತೂಗಿಸಿದ ಸೋದರಿಯರನ್ನು ಕರೆದರಾಯಿತು. ಬರುವವರು ಒಂದು ಕೈಗನ್ನಡಿ, ಒಂದು ರೀಲು ದಾರ ತರಲಿ, ಒಬ್ಬರ ದಾರ ಇನ್ನೊಬ್ಬರಿಗೆ ಬೇಡ.