ಪತ್ರಿಕೆ ಕಟ್ಟಿದ ದಿವಾಕರರು

ನಮ್ಮ ಮನೆಯಲ್ಲಿ ವೃತ್ತಪತ್ರಿಕೆ ಓದಬಲ್ಲವನು ನಾನೊಬ್ಬನೇ. ತಾತ ಪಕ್ಕದಲ್ಲಿ ಕುಳಿತು ಕೇಳುತ್ತಾರೆ. ಮೊದಲು ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ. ಉಳಿದ ಲೋಕದ ಸುದ್ದಿಯೆಲ್ಲ ಆಮೇಲೆ. ಇಂಥ ಕನ್ನಡ ಪತ್ರಿಕೆಗಳನ್ನು ಕಟ್ಟಿದವರು ಯಾರೆಂದು ಅವರು ಒಮ್ಮೆ ಕೇಳಿದರು. ಉತ್ತರ ಹುಡುಕಹೊರಟಾಗ ನನಗೆ ರಂಗನಾಥ ರಾಮಚಂದ್ರ ದಿವಾಕರರ ಪರಿಚಯವಾಯಿತು.

ದಿವಾಕರರು 1894ರಲ್ಲಿ ಧಾರವಾಡದಲ್ಲಿ ಜನಿಸಿದರು. ಎಂ.ಎ., ಎಲ್‌ಎಲ್.ಬಿ. ಪದವೀಧರರಾಗಿ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದರು. ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಆ ಕೆಲಸವನ್ನು ಬಿಟ್ಟರು. ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆದರೆ ಅಟ್ಟದ ಕೊಬ್ಬರಿ ಮಾರಿ ಫೀಜು ಕಟ್ಟಿದ, ಪದವಿಯೆಂದರೆ ನೌಕರಿಯೆಂದೇ ತಿಳಿದ ಮನೆಯಿಂದ ಬಂದ ನನಗೆ ಅದು ಅಷ್ಟು ಬೇಗ ಮುಗಿಯುವ ಮಾತಲ್ಲ. ನಾನಾಗಿದ್ದರೆ ಬಿಡುತ್ತಿದ್ದೆನೆಂದು ಎದೆ ಮುಟ್ಟಿಕೊಂಡು ಹೇಳಲಾರೆ.

1921ರಲ್ಲಿ ಅವರು ಧಾರವಾಡದಿಂದ ‘ಕರ್ಮವೀರ’ ವಾರಪತ್ರಿಕೆಯನ್ನು ಹೊರಡಿಸಿದರು. ಇಂಗ್ಲಿಷ್ ಕಲಿಸುತ್ತಿದ್ದವರು ಜನರನ್ನು ಎಚ್ಚರಿಸಲು ಆರಿಸಿಕೊಂಡದ್ದು ಕನ್ನಡವನ್ನು. ದೂರದ ಕೊರಿಯಾದಲ್ಲಿಯೂ ಹೀಗೇ ನಡೆದಿತ್ತು. ಅಲ್ಲಿಯ ಸೋ ಜೇಪಿಲ್ ಎಂಬವರು 1896ರಲ್ಲಿ ಪಂಡಿತರ ಚೀನೀ ಲಿಪಿಯನ್ನು ಬದಿಗಿಟ್ಟು, ಸಾಮಾನ್ಯರು ಓದಬಲ್ಲ ಹಂಗುಲ್ ಲಿಪಿಯಲ್ಲಿ ಪತ್ರಿಕೆ ತೆಗೆದರು. ಅದರ ಹೆಸರಿನ ಅರ್ಥವೇ ಸ್ವಾತಂತ್ರ್ಯ.

ದಿವಾಕರರ ಪತ್ರಿಕೆಯ ಹೆಸರಿನಲ್ಲಿಯೂ ಒಂದು ಬೇಡಿಕೆ ಅಡಗಿತ್ತು. 1929ರಲ್ಲಿ ಅವರೂ ಅವರ ಸಂಗಡಿಗರೂ ಬೆಳಗಾವಿಯಲ್ಲಿ ‘ಸಂಯುಕ್ತ ಕರ್ನಾಟಕ’ವನ್ನು ಆರಂಭಿಸಿದರು. ಆಗ ಸಂಯುಕ್ತವಾದ ಕರ್ನಾಟಕವೆಲ್ಲಿತ್ತು? ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತಕ್ಕೆ, ಮಂಗಳೂರು, ಬಳ್ಳಾರಿಗಳು ಮದರಾಸಿಗೆ, ಕಲಬುರ್ಗಿ ನಿಜಾಮರಿಗೆ, ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಮೈಸೂರು ಅರಸರಿಗೆ. ಇಲ್ಲದ ನಾಡಿನ ಹೆಸರನ್ನು ಪ್ರತಿ ಸಂಚಿಕೆಯ ನೆತ್ತಿಯ ಮೇಲೆ ಅಚ್ಚು ಮಾಡುತ್ತಿದ್ದರು! 1933ರಲ್ಲಿ ಲೋಕಶಿಕ್ಷಣ ಟ್ರಸ್ಟ್ ಸ್ಥಾಪನೆಯಾಗಿ ಪತ್ರಿಕೆ ಅದರ ವಶವಾಯಿತು. ಕಟ್ಟಿದವರು ಅದನ್ನು ಮನೆಯ ಆಸ್ತಿ ಮಾಡಿಕೊಳ್ಳಲಿಲ್ಲ.

ಸೆರೆಮನೆಯಂತೂ ಅವರಿಗೆ ಮತ್ತೆ ಮತ್ತೆ ಬಂತು. ಆ ಅನುಭವ ‘ಸೆರೆಯ ಮರೆಯಲ್ಲಿ’ ಎಂಬ ಪುಸ್ತಕವಾಯಿತು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು, ಗಾಂಧೀಜಿಯವರ ಸಲಹೆಯಂತೆ 1944ರಲ್ಲಿ ತಾವಾಗಿಯೇ ಪೊಲೀಸರಿಗೆ ಒಪ್ಪಿಸಿಕೊಂಡರು. ಸ್ವಾತಂತ್ರ್ಯಾನಂತರ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ವಿಚಿತ್ರ ನೋಡಿ, ಅವರು ಬಿಹಾರದ ರಾಜ್ಯಪಾಲರಾಗಿದ್ದರು. 1990ರಲ್ಲಿ ತೀರಿಕೊಂಡರು.

ಇಷ್ಟನ್ನೂ ತಾತನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಬಿಟ್ಟ ಮೇಷ್ಟ್ರ ಕೆಲಸ ಆಮೇಲೆ ವಾಪಸ್ ಸಿಕ್ತೇನೋ ಮಗಾ?”

“ಇಲ್ಲ ತಾತ, ಅವರು ಕೇಳಲೂ ಇಲ್ಲ ಅಂತ ಕಾಣುತ್ತೆ.”

“ಹೂಂ” ಎಂದರು. ಅಂದು ಧಾರಣೆಯ ಸುದ್ದಿ ಎತ್ತಲೇ ಇಲ್ಲ.